ಶಿವಮೊಗ್ಗದಲ್ಲೊಂದು, ಸಾಗರದಲ್ಲೊಂದು ಮೇಲ್ ಸರ್ವರ್: ಒಂದು ಬಿದ್ದರೆ ಇನ್ನೊಂದು ಕೆಲಸ ವಹಿಸಿಕೊಳ್ಳುವಂತೆ ಮಾಡುವುದು ಹೇಗೆ?

ಮಂಡಿಗಣಕ (ಶಿವಮೊಗ್ಗ):
ಎಲ್ಲರಿಗೂ ನಮಸ್ಕಾರ. ಅಡಿಕೆ ವಹಿವಾಟಿನ ಒಂದು ಸಹಕಾರ ಸಂಘದ ಗಣಕ ವಿಭಾಗವನ್ನು ನೋಡಿಕೊಳ್ಳುತ್ತಿದ್ದೇನೆ. ಪ್ರಧಾನ ಕಚೇರಿ ಶಿವಮೊಗ್ಗದಲ್ಲಿದೆ. ಸಾಗರ, ತೀರ್ಥಹಳ್ಳಿ, ಹೊಸನಗರ, ಕೊಪ್ಪಗಳಲ್ಲಿ ಶಾಖೆಗಳಿವೆ. ಇನ್ನೂರರ ಆಸುಪಾಸು ಮೇಲ್‌ಬಾಕ್ಸ್‌ಗಳಿರುವ ನಮ್ಮ ಮೇಲ್ ವ್ಯವಸ್ಥೆಯೆಲ್ಲ ಒಂದೇ ಒಂದು ಲಿನಕ್ಸ್ ಯಂತ್ರದಲ್ಲಿ, ಪೋಸ್ಟ್‌ಫಿಕ್ಸ್ (ಮೇಲ್ ಸ್ವೀಕರಿಸಿ ಕಳುಹಿಸುವ ತಂತ್ರಾಂಶ) ಮತ್ತು ಡವ್‌ಕಾಟ್ (ಬಂದ ಮೇಲನ್ನು ಇಟ್ಟು ಬಳಕೆದಾರರಿಗೆ ಓದಲು ಕೊಡುವ ತಂತ್ರಾಂಶ) ನೆಚ್ಚಿಕೊಂಡು, ಮೇಲ್‌ಡಿರ್ ರೂಪದಲ್ಲಿ (ಮೇಲಿಗೊಂದು ಕಡತ) ನಡೆಯುತ್ತಿದೆ.

ಈ ಸಲದ ಆರಿದ್ರಾ ಮಳೆಗೆ ಕಚೇರಿಯ ಹಿಂದಿನ ಮಾವಿನ ಮರದ ಕೊಂಬೆ ತಂತಿಯ ಮೇಲೆ ಬಿದ್ದು, ಕರೆಂಟು ಹಲವು ಬಾರಿ ಹೋಗಿ ಬಂದು, ಯುಪಿಎಸ್ ಬ್ಯಾಟರಿ ಬರಿದಾಗಿ, ಯಂತ್ರ ಹಠಾತ್ತನೆ ನಿಂತಿತು. ಮತ್ತೆ ಚಾಲೂ ಮಾಡಿದಾಗ ಡಿಸ್ಕ್ ಪರಿಶೀಲನೆ ತಾನಾಗಿ ಶುರುವಾಯಿತು. ಲಕ್ಷಗಟ್ಟಲೆ ಸಣ್ಣ ಕಡತಗಳಿದ್ದುದರಿಂದ ಅದು ಮುಗಿಯುವಷ್ಟರಲ್ಲಿ ಸಂಜೆಯಾಗಿತ್ತು. ಅಂದು ಟೆಂಡರ್ ದಿನವಾಗಿದ್ದರಿಂದ ಬ್ಯಾಂಕಿನ ಪತ್ರಗಳೂ ಖರೀದಿದಾರರ ದರಪಟ್ಟಿಗಳೂ ಬಾರದೆ ಕಚೇರಿಯಲ್ಲಿ ದೊಡ್ಡ ಗಲಾಟೆಯೇ ಆಯಿತು.

ಆಡಳಿತ ಮಂಡಳಿಯವರು ಈಗ 'ಮೇಲ್ ಎಂದೂ ನಿಲ್ಲಬಾರದು' ಎಂದು ಹೇಳಿ ಎರಡನೆಯ ಯಂತ್ರಕ್ಕೆ ಹಣ ಮಂಜೂರು ಮಾಡಿದ್ದಾರೆ. ಅದನ್ನು ಸಾಗರದ ಶಾಖೆಯಲ್ಲಿಟ್ಟು ರೆಪ್ಲಿಕೇಷನ್ (ಒಂದರಲ್ಲಿದ್ದದ್ದು ಇನ್ನೊಂದರಲ್ಲೂ ಇರುವಂತೆ ನಕಲಿಸುತ್ತಿರುವುದು) ಮಾಡುವುದು ನನ್ನ ಆಲೋಚನೆ. ಡಿಸ್ಕ್ ಮಟ್ಟದಲ್ಲಿ ನಕಲಿಸುವ ಡಿಆರ್‌ಬಿಡಿ ಬಳಸಬೇಕೇ ಅಥವಾ ಡವ್‌ಕಾಟ್‌ನ ಸ್ವಂತ ರೆಪ್ಲಿಕೇಷನ್ ಸಾಕೇ? ಒಂದು ಬಿದ್ದೊಡನೆ ಇನ್ನೊಂದು ತಾನಾಗಿ ಮುಂದೆ ಬರಬೇಕಾದರೆ ಏನು ಬೇಕು? ಎರಡು ಕಡೆ ಪ್ರತಿ ಇದ್ದ ಮೇಲೂ ರಾತ್ರಿಯ ಬ್ಯಾಕಪ್ ಬೇಕಾಗುತ್ತದೆಯೇ?

ಕ್ಲೌಡ್‌ಪ್ರಿಯ:
ಗೂಗಲ್ ವರ್ಕ್‌ಸ್ಪೇಸ್‌ಗೋ ಮೈಕ್ರೋಸಾಫ್ಟ್ 365ಕ್ಕೋ ಹೋಗಿಬಿಡಿ ಸರ್, ಮಾವಿನ ಮರದ ಚಿಂತೆಯೇ ಇರುವುದಿಲ್ಲ.

ಮಂಡಿಗಣಕ:
ಆ ಮಾತು ಮಂಡಳಿಯಲ್ಲಿ ಬಂದು ಹೋಯಿತು. ದಿನಕ್ಕೆ ನಾಲ್ಕು ಮೇಲ್ ನೋಡುವ ಗುಮಾಸ್ತರಿಗೂ ಸೇರಿಸಿ ತಲೆಗಿಷ್ಟೆಂದು ತಿಂಗಳು ತಿಂಗಳು ಕಟ್ಟುವುದಕ್ಕೆ ನಿರ್ದೇಶಕರು ಒಪ್ಪಲಿಲ್ಲ. ಸದಸ್ಯರ ಸಾಲದ ಪತ್ರವ್ಯವಹಾರ ನಮ್ಮ ಸುಪರ್ದಿಯಲ್ಲೇ ಇರಬೇಕೆಂಬ ಪಟ್ಟು ಬೇರೆ. ಆದ್ದರಿಂದ ಸ್ವಂತ ಸರ್ವರ್ ಇರುತ್ತದೆ ಎಂದುಕೊಂಡೇ ಸಲಹೆ ಕೊಡಬೇಕಾಗಿ ವಿನಂತಿ.

ಹಳೇ ಪೋಸ್ಟ್‌ಮಾಸ್ಟರ್ (ತೀರ್ಥಹಳ್ಳಿ):
ಮೊದಲು ಎರಡು ಭಯಗಳನ್ನು ಬೇರೆ ಬೇರೆ ಮಾಡಿಕೊಳ್ಳಿ. ಹೊರಗಿನಿಂದ ಬರುವ ಮೇಲ್ ಕಳೆದುಹೋಗುತ್ತದೆ ಎಂಬುದು ಒಂದು. ಒಳಗೆ ಸಂಗ್ರಹವಾಗಿರುವ ಮೇಲ್ ಸಿಗುವುದಿಲ್ಲ ಎಂಬುದು ಇನ್ನೊಂದು. ಮೊದಲನೆಯದು ಬಹುಮಟ್ಟಿಗೆ ಹುಸಿಭಯ. ಸರ್ವರ್‌ಗಳ ನಡುವೆ ಮೇಲ್ ಸಾಗಿಸುವ ಎಸ್‌ಎಂಟಿಪಿ ಪದ್ಧತಿಯ ನಿಯಮಾವಳಿ, ಅಂದರೆ 2008ರ ಆರ್‌ಎಫ್‌ಸಿ 5321, ಕಳುಹಿಸುವ ಸರ್ವರ್ ಮೊದಲ ಯತ್ನ ಸೋತರೆ ಮೇಲನ್ನು ಸರದಿಯಲ್ಲಿಟ್ಟುಕೊಂಡು ಮತ್ತೆ ಮತ್ತೆ ಪ್ರಯತ್ನಿಸಬೇಕು, ಸಾಮಾನ್ಯವಾಗಿ 4ರಿಂದ 5 ದಿನಗಳವರೆಗಾದರೂ ಕೈಬಿಡಬಾರದು ಎನ್ನುತ್ತದೆ. ಪೋಸ್ಟ್‌ಫಿಕ್ಸ್‌ನ ಮೂಲ ಹೊಂದಾಣಿಕೆಯಲ್ಲೂ ಸರದಿಯ ಆಯುಸ್ಸು 5 ದಿನ. ನಿಮ್ಮ ಯಂತ್ರ ಬೆಳಗಿನಿಂದ ಸಂಜೆಯವರೆಗೆ ಮಲಗಿತ್ತಲ್ಲ, ಆ ಹೊತ್ತಿನ ಮೇಲ್‌ಗಳೆಲ್ಲ ರಾತ್ರಿಯೊಳಗೆ ಬಂದು ಸೇರಿರಬೇಕು. ಹೌದೋ ಅಲ್ಲವೋ ನೋಡಿ ಹೇಳಿ.

ಆದ್ದರಿಂದ ನೀವು ನಿಜಕ್ಕೂ ಕೊಳ್ಳಲು ಹೊರಟಿರುವುದು ಸಮಯವನ್ನು. ಎಷ್ಟು ಸಮಯ ಎಂಬುದನ್ನು ಮಂಡಳಿಯವರ ಬಾಯಿಂದಲೇ ಹೇಳಿಸಿ. ವರ್ಷಕ್ಕೆ ಶೇಕಡಾ 99.9 ಎಂದರೆ ಸುಮಾರು 8 ಗಂಟೆ 45 ನಿಮಿಷಗಳ ನಿಲುಗಡೆಗೆ ಒಪ್ಪಿಗೆ ಕೊಟ್ಟಂತೆ, 99.99 ಎಂದರೆ ಒಂದು ಗಂಟೆಯೂ ಇಲ್ಲ, 53 ನಿಮಿಷದೊಳಗೆ. 'ಎಂದೂ ನಿಲ್ಲಬಾರದು' ಎಂಬ ಠರಾವಿಗೆ ಸಹಿ ಹಾಕುವುದು ಸುಲಭ. ಅದರ ಬಿಲ್ಲಿಗೆ ಸಹಿ ಹಾಕುವವರು ಯಾರು?

ಮಂಡಿಗಣಕ:
ನೀವು ಹೇಳಿದ್ದು ನಿಜ, ಅಂದಿನ ಮೇಲ್‌ಗಳು ರಾತ್ರಿ ಊಟದ ಹೊತ್ತಿಗೆ ಒಂದೊಂದಾಗಿ ಬಂದವು. ಅಧ್ಯಕ್ಷರಿಗೆ ಈ ವಿಷಯವನ್ನು ಹೇಳಿದರೆ 'ಟೆಂಡರ್ ಮುಗಿದ ಮೇಲೆ ಬಂದ ದರಪಟ್ಟಿಯನ್ನು ಉಪ್ಪಿನಕಾಯಿ ಹಾಕುವುದೇ' ಎಂದು ಕೇಳಿದರು.

ಕ್ಲೌಡ್‌ಪ್ರಿಯ:
ಹಾಗಾದರೆ ಎರಡನೆಯ ಎಂಎಕ್ಸ್ ದಾಖಲೆ (ನಿಮ್ಮ ಡೊಮೇನಿನ ಮೇಲ್ ಯಾವ ಯಂತ್ರಕ್ಕೆ ಹೋಗಬೇಕೆಂದು ಹೇಳುವ ದಾಖಲೆ) ಹಾಕಿ, ಒಂದು ಅಗ್ಗದ ವಿಪಿಎಸ್‌ನಲ್ಲಿ (ಬಾಡಿಗೆಯ ವರ್ಚುವಲ್ ಸರ್ವರ್) ಬರುವ ಮೇಲ್‌ಗಳನ್ನು ಹಿಡಿದಿಟ್ಟುಕೊಂಡರಾಯಿತು. ಅದೂ ಒಂದು ರಕ್ಷಣೆಯಲ್ಲವೇ?

ಹಳೇ ಪೋಸ್ಟ್‌ಮಾಸ್ಟರ್:
ಕಳುಹಿಸುವವರ ಸರ್ವರ್ ಹೇಗೂ ಹಿಡಿದಿಟ್ಟುಕೊಳ್ಳುವ ಮೇಲನ್ನು ನೀವು ಇನ್ನೊಂದು ಕಡೆ ಹಿಡಿದಿಟ್ಟುಕೊಂಡು ಸಾಧಿಸುವುದೇನು? ಬಳಕೆದಾರ ಅದನ್ನು ಓದಲಾಗುವುದಿಲ್ಲ. ಮೇಲಾಗಿ ಸ್ಪ್ಯಾಮ್ ಕಳುಹಿಸುವವರು ಬೇಕೆಂದೇ ದೊಡ್ಡ ಸಂಖ್ಯೆಯ ಎಂಎಕ್ಸನ್ನು, ಅಂದರೆ ಕಡಿಮೆ ಆದ್ಯತೆಯ ಯಂತ್ರವನ್ನು ಹುಡುಕಿಕೊಂಡು ಹೋಗುತ್ತಾರೆ. ಅಲ್ಲಿ ಶೋಧಕ ಸಡಿಲವಾಗಿರುತ್ತದೆ ಎಂಬುದು ಅವರಿಗೆ ಗೊತ್ತು. ಇಲ್ಲದ ವಿಳಾಸಕ್ಕೆ ಬಂದದ್ದನ್ನೆಲ್ಲ ಆ ಯಂತ್ರ ಸ್ವೀಕರಿಸಿ, ಆಮೇಲೆ ನಿಮ್ಮ ಮುಖ್ಯ ಯಂತ್ರ ತಿರಸ್ಕರಿಸಿ, ಸಂಬಂಧವೇ ಇಲ್ಲದ ಯಾರಿಗೋ 'ತಲುಪಲಿಲ್ಲ' ಎಂಬ ಪತ್ರ ಹೋಗುತ್ತದೆ. ಕೊನೆಗೆ ನಿಮ್ಮ ಐಪಿ ಕಪ್ಪುಪಟ್ಟಿಗೆ ಸೇರುತ್ತದೆ.

ತುಂಗಾತೀರ:
ಪೋಸ್ಟ್‌ಮಾಸ್ಟರ್ ಅವರ ಮಾತನ್ನು ಅರ್ಧ ಒಪ್ಪುತ್ತೇನೆ. ಎರಡನೆಯ ಎಂಎಕ್ಸ್‌ಗೂ ಸಿಂಧುವಾದ ವಿಳಾಸಗಳ ಪಟ್ಟಿಯನ್ನು ಕೊಟ್ಟು, ಅದೇ ಸ್ಪ್ಯಾಮ್ ಶೋಧಕವನ್ನು ಕೂರಿಸಿದರೆ ಆ ತೊಂದರೆ ಬರುವುದಿಲ್ಲ. ಎಲ್ಲ ಕಳುಹಿಸುವವರೂ ನಿಯಮಾವಳಿಯಂತೆ ಐದು ದಿನ ಕಾಯುತ್ತಾರೆ ಎಂದು ನಂಬುವಂತೆಯೂ ಇಲ್ಲ; ಒಟಿಪಿ, ಬಿಲ್ಲು ಇತ್ಯಾದಿಗಳನ್ನು ಕಳುಹಿಸುವ ಎಷ್ಟೋ ತಂತ್ರಾಂಶಗಳು ಒಂದೆರಡು ಬಾರಿ ನೋಡಿ ಕೈಚೆಲ್ಲುತ್ತವೆ.

ಹಳೇ ಪೋಸ್ಟ್‌ಮಾಸ್ಟರ್:
ಒಟಿಪಿಯ ವಿಷಯದಲ್ಲಿ ನಿಮ್ಮ ಮಾತು ಸರಿ, ಆದರೆ ತಡವಾಗಿ ಸಿಕ್ಕ ಒಟಿಪಿಯಿಂದಲೂ ಪ್ರಯೋಜನವಿಲ್ಲ. ಇನ್ನೊಂದು ಅಪಾಯವನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಪೂರ್ತಿ ಸತ್ತ ಸರ್ವರ್‌ಗಿಂತ ಅರ್ಧ ಸತ್ತ ಸರ್ವರ್ ಹೆಚ್ಚು ಕೆಡುಕು. ಯಂತ್ರವೇ ಇಲ್ಲದಿದ್ದರೆ, ಅಥವಾ 4ರಿಂದ ಆರಂಭವಾಗುವ ತಾತ್ಕಾಲಿಕ ದೋಷಸಂಖ್ಯೆ ಬಂದರೆ ಕಳುಹಿಸುವವರು ಕಾಯುತ್ತಾರೆ. 5ರಿಂದ ಆರಂಭವಾಗುವ ಸಂಖ್ಯೆ ಬಂದರೆ ಅಲ್ಲಿಗೆ ಮುಗಿಯಿತು, ಮೇಲ್ ಹಿಂದಿರುಗುತ್ತದೆ. 2020ರ ಡಿಸೆಂಬರ್ 15ರಂದು ಜಿಮೇಲ್‌ನಲ್ಲಿ ಆದದ್ದು ಇದೇ: ಇರುವ ವಿಳಾಸಗಳಿಗೇ 'ಇಂಥ ಖಾತೆ ಇಲ್ಲ' ಎಂದು 550 ಕೊಟ್ಟು ಎಷ್ಟೋ ಮೇಲ್‌ಗಳನ್ನು ಹಿಂದಕ್ಕೆ ಅಟ್ಟಿತು. ನಿಮ್ಮ ಎರಡನೆಯ ಯಂತ್ರದಲ್ಲಿ ಬಳಕೆದಾರರ ಪಟ್ಟಿ ಹಳತಾಗಿದ್ದರೆ, ಮುಖ್ಯ ಯಂತ್ರ ಬಿದ್ದ ದಿನ ಹೊಸ ಸಿಬ್ಬಂದಿಯ ಮೇಲ್‌ಗೆಲ್ಲ ಹೀಗೆಯೇ ಆಗುತ್ತದೆ.

ರ‍್ಯಾಕ್‌ನಡುವೆ (ಬೆಂಗಳೂರು; ಊರು ಹೊಸನಗರ):
ಮೂಲ ಪ್ರಶ್ನೆಗೆ ಬರೋಣ. ಡಿಆರ್‌ಬಿಡಿ ನಕಲಿಸುವುದು ಡಿಸ್ಕಿನ ಬ್ಲಾಕ್‌ಗಳನ್ನು. ಅದರ ಮೇಲಿರುವುದು ಮೇಲೋ ಮದುವೆಯ ಫೋಟೋವೋ ಅದಕ್ಕೆ ತಿಳಿಯದು. ಅದು 2010ರಿಂದ, ಅಂದರೆ 2.6.33ನೆಯ ಆವೃತ್ತಿಯಿಂದ ಲಿನಕ್ಸ್ ಕರ್ನಲ್ಲಿನಲ್ಲೇ ಇದೆ, ಪಳಗಿದ ವ್ಯವಸ್ಥೆ. ಅದರಲ್ಲಿ ಎ, ಬಿ, ಸಿ ಎಂದು ಮೂರು ಕ್ರಮಗಳಿವೆ. ಸಿ ಕ್ರಮದಲ್ಲಿ ಎರಡೂ ಕಡೆಯ ಡಿಸ್ಕಿಗೆ ಬರೆದಾದ ಮೇಲೆಯೇ 'ಬರೆದಾಯಿತು' ಎಂಬ ಉತ್ತರ ಬರುತ್ತದೆ. ಎ ಕ್ರಮದಲ್ಲಿ ಈ ಕಡೆ ಬರೆದು, ಆ ಕಡೆಗೆ ಹೊರಡುವ ಜಾಲದ ಬಫರ್‌ಗೆ ಹಾಕಿದರೆ ಸಾಕು. ಯಂತ್ರ ಆ ಕ್ಷಣಕ್ಕೆ ಸತ್ತರೆ ಬಫರ್‌ನಲ್ಲಿದ್ದದ್ದು ಹೋಯಿತು.

ಒಂದೇ ಕೋಣೆಯಲ್ಲಿ ಎರಡು ಯಂತ್ರಗಳನ್ನಿಟ್ಟು ನಡುವೆ ಒಂದು ಕೇಬಲ್ ಎಳೆದರೆ ಸಿ ಕ್ರಮ ಬಹಳ ಚೆನ್ನಾಗಿ ನಡೆಯುತ್ತದೆ. ಶಿವಮೊಗ್ಗದಿಂದ ಸಾಗರಕ್ಕೆ ಎಪ್ಪತ್ತು ಕಿಲೋಮೀಟರ್. ಗಾಜಿನೊಳಗೆ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಓಡುವುದರಿಂದ ಹೋಗಿಬರಲು ಒಂದು ಮಿಲಿಸೆಕೆಂಡೂ ಬೇಡ ಎಂದು ಲೆಕ್ಕ ಹೇಳುತ್ತದೆ. ಆದರೆ ನಿಮ್ಮ ಎರಡು ಕಚೇರಿಗಳ ನಡುವಿನ ಬ್ರಾಡ್‌ಬ್ಯಾಂಡ್ ದಟ್ಟಣೆ ಬೆಂಗಳೂರಿಗೆ ಹೋಗಿ ತಿರುಗಿ ಬರುತ್ತಿದ್ದರೆ ಆಶ್ಚರ್ಯಪಡಬೇಡಿ. ಒಮ್ಮೆ ಟ್ರೇಸ್‌ರೂಟ್ (ಪ್ಯಾಕೆಟ್ಟುಗಳು ಹೋಗುವ ದಾರಿ ತೋರಿಸುವ ಆಜ್ಞೆ) ಹಾಕಿ ನೋಡಿ. ಮೇಲ್‌ಡಿರ್‌ನಲ್ಲಿ ಪ್ರತಿ ಮೇಲೂ ಒಂದೊಂದು ಕಡತ. ಪ್ರತಿಯೊಂದನ್ನು ಬರೆಯುವಾಗಲೂ ಡಿಸ್ಕಿಗೆ ಸೇರಿದ ಖಾತ್ರಿಗಾಗಿ ಕಾಯಬೇಕು. ಆ ಕಾಯುವಿಕೆಯೆಲ್ಲ ಸಾಗರಕ್ಕೆ ಹೋಗಿಬರುವಂತಾದರೆ ಬಳಕೆದಾರರು ನಿಮ್ಮ ಕೋಣೆಯ ಬಾಗಿಲು ಬಡಿಯುತ್ತಾರೆ.

ಇನ್ನೂ ಒಂದು ಮಾತು. ಡಿಆರ್‌ಬಿಡಿಯ ಸಾಮಾನ್ಯ ಬಳಕೆಯಲ್ಲಿ ಎರಡನೆಯ ಯಂತ್ರದ ಕಡತವ್ಯವಸ್ಥೆಯನ್ನು ತೆರೆಯುವಂತೆಯೇ ಇಲ್ಲ. ಅಂದು ನಿಮ್ಮಲ್ಲಿ ಕೆಟ್ಟದ್ದು ಡಿಸ್ಕ್ ಅಲ್ಲ, ಡಿಸ್ಕಿನ ಮೇಲಿನ ಕಡತವ್ಯವಸ್ಥೆ. ಡಿಆರ್‌ಬಿಡಿ ಇದ್ದಿದ್ದರೆ ಅದೇ ಅರೆಬರೆ ಸ್ಥಿತಿ ಸಾಗರಕ್ಕೂ ಯಥಾವತ್ತಾಗಿ ಹೋಗಿ, ಅಲ್ಲಿಯೂ ಅದೇ ಪರಿಶೀಲನೆ ನಡೆಯಬೇಕಾಗುತ್ತಿತ್ತು. ಮೇಲ್ ಎಂದರೇನೆಂದು ಬಲ್ಲ ರೆಪ್ಲಿಕೇಷನ್ ಇದಕ್ಕಿಂತ ಮೇಲು. ಡವ್‌ಕಾಟ್‌ನ ಡಿಸಿಂಕ್ ಎರಡು ಕಡೆಯ ಮೇಲ್‌ಬಾಕ್ಸ್‌ಗಳನ್ನು ಹೋಲಿಸಿ, ಇಲ್ಲದ್ದನ್ನು ಅತ್ತಿತ್ತ ಕೊಟ್ಟು, ಓದಿದ ಗುರುತುಗಳನ್ನೂ ಸೇರಿಸಿ ಒಂದಾಗಿಸುತ್ತದೆ. ಎರಡೂ ಕಡೆ ಬೇರೆ ಬೇರೆ ಬದಲಾವಣೆಗಳಾಗಿದ್ದರೂ ಒಂದನ್ನು ಎಸೆಯುವುದಿಲ್ಲ.

ಒಂದೇ ತೊಡಕು: ಬದಲಾವಣೆಯಾದೊಡನೆ ತಾನಾಗಿ ಓಡುತ್ತಿದ್ದ ರೆಪ್ಲಿಕೇಟರ್ ಭಾಗವನ್ನು 2025ರಲ್ಲಿ ಬಂದ ಡವ್‌ಕಾಟ್ 2.4ರಿಂದ ತೆಗೆದುಹಾಕಿದ್ದಾರೆ.

ಮಂಡಿಗಣಕ:
ಇದು ನನಗೆ ತಿಳಿದಿರಲಿಲ್ಲ. ನಾವಿನ್ನೂ 2.3ರಲ್ಲೇ ಇದ್ದೇವೆ. ಹಾಗಾದರೆ ಅಲ್ಲಿಯೇ ಉಳಿಯುವುದೇ?

ರ‍್ಯಾಕ್‌ನಡುವೆ:
ಇಂಟರ್ನೆಟ್‌ಗೆ ಮುಖಮಾಡಿ ನಿಂತ ತಂತ್ರಾಂಶವನ್ನು ಹಳೆಯ ಆವೃತ್ತಿಯಲ್ಲಿ ಬಹುಕಾಲ ಬಿಡುವುದು ಸರಿಯಲ್ಲ. ತೆಗೆದದ್ದು ತಾನಾಗಿ ಓಡಿಸುವ ಭಾಗವನ್ನು ಮಾತ್ರ. ಮೇಲ್‌ಬಾಕ್ಸ್‌ಗಳನ್ನು ಹೊಂದಿಸುವ ಡವ್‌ಎಡಿಎಂ ಸಿಂಕ್ ಆಜ್ಞೆ 2.4ರಲ್ಲೂ ಇದೆ. ಅದನ್ನು ಕ್ರಾನ್‌ನಲ್ಲಿಟ್ಟು ಕೆಲವು ನಿಮಿಷಗಳಿಗೊಮ್ಮೆ ಓಡಿಸಬಹುದು. ಆಗ ಯಂತ್ರ ಸತ್ತರೆ ಕೊನೆಯ ಕೆಲವು ನಿಮಿಷಗಳ ಮೇಲ್ ಸಾಗರದಲ್ಲಿ ಇರುವುದಿಲ್ಲ. ನಿಮ್ಮ ಸಂಘಕ್ಕೆ ಅದು ಸಹ್ಯವೆಂದೇ ನನ್ನ ಅಭಿಪ್ರಾಯ. ಸಹ್ಯವಲ್ಲದಿದ್ದರೆ ಡವ್‌ಕಾಟ್‌ನಂಥದೇ ಇನ್ನೊಂದು ತಂತ್ರಾಂಶವಾದ ಸೈರಸ್ ಐಮ್ಯಾಪ್ ನೋಡಿ. ಅದರಲ್ಲಿ ಮುಖ್ಯ ಯಂತ್ರದ ಬದಲಾವಣೆಗಳು ದಾಖಲಾಗುತ್ತ ಪ್ರತಿಯಂತ್ರಕ್ಕೆ ನಿರಂತರವಾಗಿ ಹರಿಯುತ್ತವೆ. ಆದರೆ ಇನ್ನೂರು ಮೇಲ್‌ಬಾಕ್ಸ್‌ಗಳನ್ನು ಹೊಸ ತಂತ್ರಾಂಶಕ್ಕೆ ಸಾಗಿಸುವ ಕಷ್ಟ ನಿಮ್ಮದು.

ತುಂಗಾತೀರ:
ಇಷ್ಟೆಲ್ಲ ಏಕೆ? ಮೇಲ್‌ಡಿರ್ ಬರೀ ಕಡತಗಳು ತಾನೇ, ಆರ್‌ಸಿಂಕ್ (ಕಡತಗಳನ್ನು ನಕಲಿಸುವ ಸಾಧನ) ಮಾಡಿದರೆ ಮುಗಿಯಿತು.

ವರದಾಮೂಲ (ಸಾಗರ):
ಮುಗಿಯುವುದಿಲ್ಲ, ಶುರುವಾಗುತ್ತದೆ. ಐಮ್ಯಾಪ್‌ನಲ್ಲಿ (ಸರ್ವರ್‌ನಲ್ಲಿರುವ ಮೇಲನ್ನು ಓದುವ ಪದ್ಧತಿ) ಪ್ರತಿ ಮೇಲಿಗೂ ಒಂದು ಯುಐಡಿ ಸಂಖ್ಯೆ, ಪ್ರತಿ ಫೋಲ್ಡರಿಗೂ ಒಂದು ಯುಐಡಿವ್ಯಾಲಿಡಿಟಿ ಸಂಖ್ಯೆ ಇರುತ್ತದೆ. ಎರಡನೆಯದು ಬದಲಾದರೆ ತನ್ನಲ್ಲಿರುವ ಪ್ರತಿಯೆಲ್ಲ ಹಳತಾಯಿತೆಂದು ತಿಳಿದು ಔಟ್‌ಲುಕ್ಕಾಗಲಿ ಥಂಡರ್‌ಬರ್ಡ್ ಆಗಲಿ ಇಡೀ ಫೋಲ್ಡರನ್ನು ಮತ್ತೆ ಇಳಿಸಿಕೊಳ್ಳುತ್ತದೆ. ಡವ್‌ಕಾಟ್ ಈ ಸಂಖ್ಯೆಗಳನ್ನು ಪ್ರತಿ ಫೋಲ್ಡರಿನೊಳಗೆ ಡವ್‌ಕಾಟ್-ಯುಐಡಿಲಿಸ್ಟ್ ಎಂಬ ಕಡತದಲ್ಲಿಡುತ್ತದೆ. ಮೇಲ್ ಬರುತ್ತಿರುವಾಗಲೇ ಆರ್‌ಸಿಂಕ್ ಓಡಿದರೆ ಈ ಕಡತವೂ ಮೇಲ್‌ಗಳೂ ಒಂದಕ್ಕೊಂದು ಹೊಂದದೆ ಹೋಗಬಹುದು. ಕೆಲವರು 'ಇದೇನೋ ಬೇಡದ ಕಡತ' ಎಂದು ಅದನ್ನೇ ಬಿಟ್ಟು ನಕಲಿಸುವುದೂ ಉಂಟು.

ನಾನು ಹಿಂದೆ ಇದ್ದ ಒಂದು ಕಚೇರಿಯಲ್ಲಿ ಹೀಗೆ ನಕಲಿಸಿದ ಯಂತ್ರವನ್ನು ಒಂದು ಸೋಮವಾರ ಬೆಳಿಗ್ಗೆ ಚಾಲನೆಗೆ ತಂದರು. ಹತ್ತು ಗಂಟೆಗೆ ಎಲ್ಲರೂ ಬಂದು ಕುಳಿತು ಔಟ್‌ಲುಕ್ ತೆರೆದರು. ಕೆಳಗಿನ ಮೂಲೆಯಲ್ಲಿ 'ಇಳಿಸಿಕೊಳ್ಳುತ್ತಿದೆ' ಎಂಬ ಪಟ್ಟಿ ಕಾಣಿಸಿಕೊಂಡಿತು, ಲೆಕ್ಕಪತ್ರ ವಿಭಾಗದ ಹಿರಿಯರ ಇನ್‌ಬಾಕ್ಸ್‌ನಲ್ಲಿ ಉಳಿದ ಮೇಲ್‌ಗಳ ಸಂಖ್ಯೆ ಐದಂಕಿಯಲ್ಲಿತ್ತು. ಕಚೇರಿಯ ಲಿಂಕ್ ಸಂಜೆಯವರೆಗೂ ಬೇರೆ ಯಾವ ಕೆಲಸಕ್ಕೂ ಸಿಗಲಿಲ್ಲ. ಸರ್ವರ್ ಮಾತ್ರ ಶೇಕಡಾ ನೂರು ಚಾಲನೆಯಲ್ಲಿತ್ತು ಎಂದು ವರದಿಯಲ್ಲಿ ಬರೆದರು.

ತುಂಗಾತೀರ:
ಒಪ್ಪಿದೆ ಮೇಡಂ, ಆರ್‌ಸಿಂಕ್ ವಾಪಸು.

ಭದ್ರಾವತಿ ಬಾಕ್ಸ್:
ನಮ್ಮ ಕಾರ್ಖಾನೆಯಲ್ಲಿರುವುದು ಮೈಕ್ರೋಸಾಫ್ಟ್ ಎಕ್ಸ್‌ಚೇಂಜ್. ಅದರಲ್ಲಿ 2010ರ ಆವೃತ್ತಿಯಿಂದ ಡಿಎಜಿ ಎಂಬ ಏರ್ಪಾಡಿದೆ. ಒಂದು ಗುಂಪಿನಲ್ಲಿ 16 ಸರ್ವರ್‌ಗಳವರೆಗೆ ಇರಬಹುದು. ಡೇಟಾಬೇಸಿನ ಬದಲಾವಣೆಗಳು 1 ಎಂಬಿ ಗಾತ್ರದ ಲಾಗ್ ಕಡತಗಳಾಗಿ ಇನ್ನೊಂದು ಸರ್ವರ್‌ಗೆ ಹೋಗಿ ಅಲ್ಲಿ ಮರುಬರಹವಾಗುತ್ತವೆ. ಡಿಸ್ಕ್ ಹಂಚಿಕೊಳ್ಳುವ ಗೊಡವೆಯಿಲ್ಲ. ಸರ್ವರ್‌ಗಳು ಸಮಸಂಖ್ಯೆಯಲ್ಲಿದ್ದರೆ ಬೇರೊಂದು ಯಂತ್ರದಲ್ಲಿ ಸಾಕ್ಷಿ ಫೋಲ್ಡರ್ ಇಡಬೇಕು, ಅದರಲ್ಲೂ ಮೇಲ್‌ನ ಒಂದು ಪ್ರತಿ ಇರುತ್ತದೆ. ದುಡ್ಡಿದ್ದರೆ ಇದಕ್ಕಿಂತ ನೆಮ್ಮದಿ ಬೇರೆ ಇಲ್ಲ.

ಹಳೇ ಪೋಸ್ಟ್‌ಮಾಸ್ಟರ್:
ತಿದ್ದುಪಡಿ: ಸಾಕ್ಷಿ ಫೋಲ್ಡರಿನಲ್ಲಿ ಮೇಲ್ ಇರುವುದಿಲ್ಲ. ಅದಕ್ಕಿರುವುದು ಒಂದು ಮತ ಮಾತ್ರ. ಇಬ್ಬರು ದಾಯಾದಿಗಳ ನಡುವೆ ಮಾತು ನಿಂತಾಗ ಯಜಮಾನಿಕೆ ಯಾರದೆಂದು ಹೇಳಲು ಕೂರುವ ಪಂಚನಂತೆ ಅದು. ಪಂಚನ ಹತ್ತಿರ ಆಸ್ತಿ ಇರುವುದಿಲ್ಲ.

ನೆಮ್ಮದಿಯ ವಿಷಯಕ್ಕೆ ಬಂದರೆ, 2022ರ ಜನವರಿ 1ರ ಬೆಳಿಗ್ಗೆ ನೆನಪಿಸಿಕೊಳ್ಳಿ. ಎಕ್ಸ್‌ಚೇಂಜ್ 2016 ಮತ್ತು 2019ರ ಮಾಲ್‌ವೇರ್ ಪರೀಕ್ಷಕವು ದಿನಾಂಕವನ್ನು 2201010001 ಎಂಬ ಸಂಖ್ಯೆಯಾಗಿ ಇಟ್ಟುಕೊಳ್ಳಲು ಹೋಯಿತು. 32 ಬಿಟ್‌ನ ಚಿಹ್ನೆಸಹಿತ ಪೂರ್ಣಾಂಕದ ಗರಿಷ್ಠ ಮಿತಿ 2147483647. ಸಂಖ್ಯೆ ಹಿಡಿಸದೆ ಪರೀಕ್ಷಕ ಕುಸಿದು, ಮೇಲ್‌ಗಳೆಲ್ಲ ಸರದಿಯಲ್ಲಿ ಸಿಕ್ಕಿಕೊಂಡವು. ಗುಂಪಿನಲ್ಲಿ ಎರಡು ಸರ್ವರ್ ಇದ್ದವರಿಗೂ ಹದಿನಾರು ಇದ್ದವರಿಗೂ ಏಕಕಾಲಕ್ಕೆ ಒಂದೇ ಗತಿ. ಒಂದೇ ತಂತ್ರಾಂಶದ ಒಂದೇ ದೋಷ ಎಲ್ಲ ಪ್ರತಿಗಳಲ್ಲೂ ಇರುವಾಗ ಪ್ರತಿಗಳ ಎಣಿಕೆಯಿಂದ ಏನೂ ಸಿಗುವುದಿಲ್ಲ.

ಭದ್ರಾವತಿ ಬಾಕ್ಸ್:
ಸಾಕ್ಷಿಯ ಕುರಿತು ನೀವು ಹೇಳಿದ್ದೇ ಸರಿ, ತಿದ್ದಿದ್ದಕ್ಕೆ ಧನ್ಯವಾದ. ಆದರೆ ಆ ದೋಷಕ್ಕೆ ಪರೀಕ್ಷಕವನ್ನು ತಾತ್ಕಾಲಿಕವಾಗಿ ನಿಲ್ಲಿಸಿದರೆ ಮೇಲ್ ಹರಿಯುತ್ತಿತ್ತು, ಮೇಲ್ ಕಳೆದುಹೋಗಲಿಲ್ಲ. ಹೊಸದಾಗಿ ಎಕ್ಸ್‌ಚೇಂಜ್ ಹಾಕುವವರು ಗಮನಿಸಬೇಕಾದದ್ದು ಬೇರೆ: ಆ ಎರಡೂ ಆವೃತ್ತಿಗಳ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ.

ಕಂಬದಿಂದ ಕಂಬಕ್ಕೆ (ಹೊಸನಗರ):
ನಾನು ಫೈಬರ್ ಜೋಡಿಸುವ ಕೆಲಸದವಳು. ಮೇಲ್ ಸರ್ವರ್ ವಿಷಯ ಹೆಚ್ಚು ತಿಳಿಯದು, ಕೇಬಲ್ ವಿಷಯ ತಿಳಿಯುತ್ತದೆ. ಎರಡು ಕಂಪನಿಯ ಲಿಂಕ್ ತೆಗೆದುಕೊಂಡರೆ ಒಂದು ಹೋದರೂ ಇನ್ನೊಂದು ಇರುತ್ತದೆ ಎಂದು ಎಲ್ಲರೂ ನಂಬಿದ್ದಾರೆ. ನಿಮ್ಮ ಕಚೇರಿಯ ಬಾಗಿಲಲ್ಲಿ ನಿಂತು ತಲೆಯೆತ್ತಿ ನೋಡಿ. ಎರಡು ಕಪ್ಪು ಕೇಬಲ್‌ಗಳು ಒಂದೇ ಕಂಬದಿಂದ, ಒಂದೇ ಸರಿಗೆಯ ಸುತ್ತಿನಲ್ಲಿ ಕಟ್ಟಿಸಿಕೊಂಡು ಬರುತ್ತಿದ್ದರೆ, ಮುಂದಿನ ತಿರುವಿನವರೆಗೂ ನಡೆದು ನೋಡಿ. ಬಹುತೇಕ ಅಲ್ಲಿಯೂ ಜೊತೆಯಲ್ಲೇ ಇರುತ್ತವೆ. ಬಿಲ್ಲು ಎರಡು ಬರುತ್ತದೆ, ಕೊಂಬೆ ಬೀಳುವುದು ಒಂದೇ. ರಸ್ತೆ ಅಗಲ ಮಾಡುವ ಜೆಸಿಬಿಗಂತೂ ಕಂಪನಿಯ ಹೆಸರು ಓದಲು ಬರುವುದಿಲ್ಲ. ಎರಡನೆಯದನ್ನು ನೆಲದಡಿಯಿಂದಲೋ, ಇನ್ನೊಂದು ರಸ್ತೆಯಿಂದಲೋ, ಅದೂ ಆಗದಿದ್ದರೆ ಮೊಬೈಲ್ ಟವರಿನ ಮೂಲಕವೋ ತೆಗೆದುಕೊಳ್ಳುವುದು ಒಳ್ಳೆಯದು.

ರ‍್ಯಾಕ್‌ನಡುವೆ:
ಈ ಚರ್ಚೆಯಲ್ಲಿ ಇದುವರೆಗೆ ಬಂದ ಅತ್ಯುತ್ತಮ ಸಲಹೆ ಇದು. ಇದಕ್ಕೆ ಒಂದು ಬಾಲಂಗೋಚಿ: ಎರಡನೆಯ ಲಿಂಕಿಗೆ ಹೊರಳಿದೊಡನೆ ಹೊರಹೋಗುವ ಐಪಿ ಬದಲಾಗುತ್ತದೆ. ಎಸ್‌ಪಿಎಫ್ ದಾಖಲೆಯಲ್ಲಿ (ನಿಮ್ಮ ಹೆಸರಲ್ಲಿ ಮೇಲ್ ಕಳುಹಿಸಬಹುದಾದ ಐಪಿಗಳ ಪಟ್ಟಿ) ಆ ಐಪಿ ಇಲ್ಲದಿದ್ದರೆ, ಅದಕ್ಕೆ ಪಿಟಿಆರ್ ದಾಖಲೆ (ಐಪಿಯಿಂದ ಹೆಸರು ತಿಳಿಸುವಂಥದು) ಇಲ್ಲದಿದ್ದರೆ, ನೀವು ಕಳುಹಿಸಿದ್ದೆಲ್ಲ ಸ್ಪ್ಯಾಮ್‌ಗೆ ಹೋಗುತ್ತದೆ ಅಥವಾ ತಿರಸ್ಕೃತವಾಗುತ್ತದೆ. ಮೊಬೈಲ್ ಲಿಂಕಿನಲ್ಲಿ ಮೇಲ್ ಸಾಗುವ 25ನೆಯ ಪೋರ್ಟ್ ಮುಚ್ಚಿರುವುದೂ ಸಾಮಾನ್ಯ. ಹೊರಹೋಗುವ ಮೇಲಿಗೆ ಸಹಿ ಹಾಕುವ ಡಿಕೆಐಎಂ ಕೀಲಿ ಸಾಗರದ ಯಂತ್ರದಲ್ಲೂ ಇರಬೇಕು.

ಕ್ಲೌಡ್‌ಪ್ರಿಯ:
ಸಿಡಿಲಿನ ಮಾತನ್ನು ಯಾರೂ ಎತ್ತಲೇ ಇಲ್ಲ. ನಮ್ಮ ಜಂಬಿಟ್ಟಿಗೆ ನೆಲದಲ್ಲಿ ಅರ್ತಿಂಗ್ ಗುಂಡಿಗೆ ಬೇಸಗೆಯಲ್ಲಿ ನೀರು ಹಾಕದಿದ್ದರೆ ಅದು ಒಣಗಿ ಹೆಸರಿಗಷ್ಟೇ ಇರುತ್ತದೆ. ಮುಂಗಾರಿನ ಮೊದಲ ಗುಡುಗಿಗೇ ಸ್ವಿಚ್ಚುಗಳು ಸುಡುತ್ತವೆ. ನಮ್ಮಲ್ಲಿ ಇದ್ದಲು ಉಪ್ಪು ಹೊಸದಾಗಿ ತುಂಬಿಸಿದ್ದೇವೆ. ಅಂದ ಹಾಗೆ ಈ ವಾರ ರಾಶಿ ಅಡಿಕೆಗೆ ದರ ಹೇಗಿದೆ ಸರ್?

ವೇದಿಕೆ ನಿರ್ವಾಹಕ:
ಅರ್ತಿಂಗ್ ಇರಲಿ, ಅಡಿಕೆ ದರಕ್ಕೆ ಬೇರೆ ವಿಭಾಗವಿದೆ.

ತುಂಗಾತೀರ:
ತಾನಾಗಿ ಹೊರಳುವ ಪ್ರಶ್ನೆ ಹಾಗೇ ಉಳಿಯಿತು. ಯಂತ್ರಗಳನ್ನು ಒಂದು ಗುಂಪಾಗಿ (ಕ್ಲಸ್ಟರ್) ನಡೆಸುವ ಪೇಸ್‌ಮೇಕರ್, ಕೋರೋಸಿಂಕ್ ತಂತ್ರಾಂಶಗಳನ್ನು ಹಾಕಿ, ಒಂದು ಇನ್ನೊಂದರ ನಾಡಿ ನೋಡುತ್ತಿರಲಿ. ನಾಡಿ ನಿಂತರೆ ಸಾಗರ ಮುಖ್ಯವಾಗಲಿ. ಇದರಲ್ಲಿ ಕಷ್ಟವೇನಿದೆ?

ರ‍್ಯಾಕ್‌ನಡುವೆ:
ನಾಡಿ ಸಿಗಲಿಲ್ಲ ಎಂದರೆ ಸತ್ತಿದೆ ಎಂದೇನೂ ಅರ್ಥವಲ್ಲ. ಆಯನೂರಿನ ಹತ್ತಿರ ಫೈಬರ್ ಕಡಿದರೆ ಎರಡು ಯಂತ್ರಗಳೂ ಬದುಕಿರುತ್ತವೆ, ಎರಡೂ ಇನ್ನೊಂದು ಸತ್ತಿತೆಂದು ತಿಳಿಯುತ್ತವೆ, ಎರಡೂ ಮುಖ್ಯವಾಗುತ್ತವೆ. ಕ್ಲಸ್ಟರ್ ಕೆಲಸದವರ ಬಾಯಲ್ಲಿ ಇದಕ್ಕೆ ಸ್ಪ್ಲಿಟ್ ಬ್ರೇನ್ ಎಂದು ಹೆಸರು. ಡಿಆರ್‌ಬಿಡಿಯಲ್ಲಿ ಹೀಗಾದರೆ ಕೊನೆಗೆ ಒಂದು ಕಡೆಯ ಬರಹವನ್ನು ಕೈಯಾರೆ ಎಸೆಯಬೇಕಾಗುತ್ತದೆ. ಅದಕ್ಕಾಗಿಯೇ ಪೇಸ್‌ಮೇಕರ್‌ನಲ್ಲಿ ಸ್ಟೋನಿತ್ ಎಂಬ ಕ್ರಮವಿದೆ: ಸಂಶಯ ಬಂದರೆ ಎದುರಿನ ಯಂತ್ರದ ವಿದ್ಯುತ್ತನ್ನೇ ಕಡಿದು, ಅದು ಸತ್ತಿದೆಯೆಂದು ಖಚಿತಪಡಿಸಿಕೊಂಡು, ಆಮೇಲೆ ಮುಂದುವರಿಯುವುದು. ಫೈಬರ್ ಕಡಿದಾಗ ಸಾಗರದ ಯಂತ್ರ ಶಿವಮೊಗ್ಗದ ಪ್ಲಗ್ಗಿಗೆ ಯಾವ ದಾರಿಯಿಂದ ಕೈ ಚಾಚುತ್ತದೆ?

ಆದ್ದರಿಂದ ಮೂರನೆಯ ಮತ ಬೇಕು. ಅದು ತೀರ್ಥಹಳ್ಳಿ ಶಾಖೆಯಲ್ಲಿದ್ದರೆ, ಅಲ್ಲಿಯ ಲಿಂಕ್ ಶಿವಮೊಗ್ಗದ ಮೂಲಕವೇ ಹಾದುಬರುತ್ತಿದ್ದಲ್ಲಿ, ಇದ್ದೂ ಇಲ್ಲದಂತೆ. ಬೆಂಗಳೂರಿನಲ್ಲೋ ಮುಂಬಯಿಯಲ್ಲೋ ಒಂದು ಸಣ್ಣ ವಿಪಿಎಸ್ ಸಾಕು, ಅದರಲ್ಲಿ ಮೇಲ್ ಇರಬೇಕಾಗಿಲ್ಲ.

ಹಳೇ ಪೋಸ್ಟ್‌ಮಾಸ್ಟರ್:
ನನ್ನ ಅಭಿಪ್ರಾಯದಲ್ಲಿ ಇನ್ನೂರು ಮೇಲ್‌ಬಾಕ್ಸ್‌ನ ಕಚೇರಿಗೆ ತಾನಾಗಿ ಹೊರಳುವ ವ್ಯವಸ್ಥೆಯೇ ಬೇಡ. ಡಿಎನ್‌ಎಸ್‌ನಲ್ಲಿ (ಹೆಸರಿನಿಂದ ಯಂತ್ರದ ಐಪಿ ಹೇಳುವ ವ್ಯವಸ್ಥೆ) ಟಿಟಿಎಲ್, ಅಂದರೆ ಹಳೆಯ ಉತ್ತರವನ್ನು ಇತರರು ನೆನಪಿಟ್ಟುಕೊಳ್ಳುವ ಅವಧಿ, 300 ಸೆಕೆಂಡಿಗೆ ಇಳಿಸಿಡಿ. ಮೂರನೆಯ ಯಂತ್ರ ಎರಡನ್ನೂ ನೋಡುತ್ತಿದ್ದು, ಏನಾದರೂ ಆದರೆ ನಿಮ್ಮ ಮೊಬೈಲಿಗೆ ಸಂದೇಶ ಕಳುಹಿಸಲಿ. ನೀವು ಒಂದು ಫೋನ್ ಮಾಡಿ ವಿಚಾರಿಸಿ, ಒಂದೇ ಸ್ಕ್ರಿಪ್ಟ್ ಓಡಿಸಿ ಸಾಗರಕ್ಕೆ ಹೊರಳಿಸಿ. ಕಾಲು ಗಂಟೆ ಹಿಡಿಯಬಹುದು. ಸಂಜೆಯವರೆಗೆ ಕಾದವರಿಗೆ ಅದು ಸಾಲದೇ?

ತುಂಗಾತೀರ:
ಮಂಡಿಗಣಕರು ಆಗುಂಬೆಯಲ್ಲಿ ಮದುವೆಗೆ ಹೋಗಿ ಸಿಗ್ನಲ್ ಇಲ್ಲದೆ ಕುಳಿತಿದ್ದರೆ?

ಹಳೇ ಪೋಸ್ಟ್‌ಮಾಸ್ಟರ್:
ಸ್ಕ್ರಿಪ್ಟ್ ಓಡಿಸಲು ಬಲ್ಲವರು ಇಬ್ಬರಿರಬೇಕು ಎಂದರ್ಥ. ಯಂತ್ರಕ್ಕೆ ಜೋಡಿ ಇಟ್ಟು ಮನುಷ್ಯನೊಬ್ಬನನ್ನೇ ಬಿಟ್ಟರೆ ಆಗುವುದು ಹೀಗೆಯೇ.

ವರದಾಮೂಲ:
ಬ್ಯಾಕಪ್ ಪ್ರಶ್ನೆಗೆ ಯಾರೂ ಉತ್ತರಿಸಿಲ್ಲ. ಖಂಡಿತ ಬೇಕು. ರೆಪ್ಲಿಕೇಷನ್ ಅಳಿಸಿದ್ದನ್ನೂ ಅಷ್ಟೇ ನಿಷ್ಠೆಯಿಂದ ನಕಲಿಸುತ್ತದೆ. ಯಾರೋ ಗುಮಾಸ್ತರು ಮೊಬೈಲಿನಲ್ಲಿ ಫೋಲ್ಡರ್ ಒತ್ತಿ ಅಳಿಸಿದರೆ ಮುಂದಿನ ಸಿಂಕ್‌ನಲ್ಲಿ ಅದು ಸಾಗರದಲ್ಲೂ ಮಾಯ. 2011ರ ಫೆಬ್ರವರಿ ಕೊನೆಯಲ್ಲಿ ಜಿಮೇಲ್‌ನ ಸಂಗ್ರಹ ತಂತ್ರಾಂಶಕ್ಕೆ ಹಾಕಿದ ಹೊಸ ಆವೃತ್ತಿಯಲ್ಲಿ ದೋಷವಿತ್ತು; ಶೇಕಡಾ 0.02ರಷ್ಟು ಬಳಕೆದಾರರ ಮೇಲ್‌ಬಾಕ್ಸ್ ಖಾಲಿಯಾಗಿ ಕಂಡಿತು. ಹಲವು ದತ್ತಕೇಂದ್ರಗಳಲ್ಲಿ ಪ್ರತಿಗಳಿದ್ದರೂ ದೋಷ ಅವುಗಳನ್ನೂ ತಟ್ಟಿತ್ತು. ಕೊನೆಗೆ ಅವರು ಮೇಲ್‌ಗಳನ್ನು ಹಿಂದಕ್ಕೆ ತಂದದ್ದು ಟೇಪಿನಿಂದ. ಜಾಲಕ್ಕೆ ಅಂಟಿಕೊಂಡಿರದ ಪ್ರತಿಯ ಬೆಲೆ ಅದು.

ಭದ್ರಾವತಿ ಬಾಕ್ಸ್:
ಎಕ್ಸ್‌ಚೇಂಜ್‌ನಲ್ಲಿ ಒಂದು ಪ್ರತಿಯನ್ನು ಬೇಕೆಂದೇ 14 ದಿನಗಳವರೆಗೆ ಹಿಂದಿಡಬಹುದು. ಲಾಗ್‌ಗಳು ಬಂದು ಕೂತಿರುತ್ತವೆ, ಡೇಟಾಬೇಸಿಗೆ ಸೇರುವುದಿಲ್ಲ. ಅಳಿಸಿದ್ದು ಬೇಗ ಗೊತ್ತಾದರೆ ಅಲ್ಲಿಂದ ತೆಗೆಯಬಹುದು.

ವರದಾಮೂಲ:
ಡವ್‌ಕಾಟ್‌ನಲ್ಲಿಯೂ ಲೇಜಿ ಎಕ್ಸ್‌ಪಂಜ್ ಎಂಬ ಪ್ಲಗಿನ್ ಇದೆ. ಬಳಕೆದಾರ ಅಳಿಸಿದ್ದನ್ನು ಅದು ಬೇರೊಂದು ಜಾಗಕ್ಕೆ ಸರಿಸಿಡುತ್ತದೆ. ಆದರೂ ರಾತ್ರಿಯ ಬ್ಯಾಕಪ್ ಬೇರೆಯೇ ಇರಲಿ, ಅದನ್ನು ಬರೆಯುವ ಯಂತ್ರಕ್ಕೆ ಹಳೆಯದನ್ನು ಅಳಿಸುವ ಅಧಿಕಾರ ಇರದಿರಲಿ. ಆಗಾಗ ಯಾರದಾದರೂ ಒಂದು ಮೇಲ್‌ಬಾಕ್ಸನ್ನು ಅದರಿಂದ ಪೂರ್ತಿ ಮರಳಿ ತೆಗೆದು ನೋಡಿ.

ರ‍್ಯಾಕ್‌ನಡುವೆ:
ಎಲ್ಲರೂ ಮರೆಯುವ ಒಂದು ಜಾಗವೆಂದರೆ ಪೋಸ್ಟ್‌ಫಿಕ್ಸ್‌ನ ಸರದಿ. ಡಿಸಿಂಕ್ ನೋಡಿಕೊಳ್ಳುವುದು ಮೇಲ್‌ಬಾಕ್ಸ್‌ಗಳನ್ನು ಮಾತ್ರ. ಶಿವಮೊಗ್ಗದ ಯಂತ್ರ 'ಸ್ವೀಕರಿಸಿದೆ' ಎಂದು 250 ಹೇಳಿ, ಇನ್ನೂ ಮೇಲ್‌ಬಾಕ್ಸಿಗೆ ಹಾಕದೆ, ಅಥವಾ ಹೊರಗೆ ಕಳುಹಿಸದೆ ಸ್ಪೂಲ್‌ನಲ್ಲಿ (ಸರದಿಯ ಕಡತಗಳಿರುವ ಜಾಗ) ಇಟ್ಟುಕೊಂಡ ಮೇಲ್ ಆ ಡಿಸ್ಕ್ ಮತ್ತೆ ಏಳುವವರೆಗೆ ಯಾರಿಗೂ ಸಿಗುವುದಿಲ್ಲ. ಕಳುಹಿಸಿದವರು ತಲುಪಿತೆಂದು ತಿಳಿದಿರುವುದರಿಂದ ಮತ್ತೆ ಕಳುಹಿಸುವುದೂ ಇಲ್ಲ. ಎಕ್ಸ್‌ಚೇಂಜ್ ಇದಕ್ಕಾಗಿಯೇ 250 ಹೇಳುವ ಮೊದಲು ಇನ್ನೊಂದು ಸರ್ವರ್‌ನಲ್ಲಿ ನೆರಳುಪ್ರತಿ ಇಡುತ್ತದೆ. ನಿಮ್ಮಲ್ಲಿ ಸ್ಪೂಲ್ ಇರುವ ವಿಭಾಗವನ್ನಾದರೂ ಎರಡರಲ್ಲೂ ಅದನ್ನೇ ಬರೆಯುವ ಎರಡು ಡಿಸ್ಕ್‌ಗಳ ರೇಡ್ ಮೇಲೆ ಇಡಿ. ಯಂತ್ರ ಸತ್ತರೆ ಡಿಸ್ಕ್ ಬಿಚ್ಚಿ ಇನ್ನೊಂದಕ್ಕೆ ಹಾಕಿ ಸರದಿಯನ್ನು ಹೊರಡಿಸಬಹುದು.

ಮಂಡಿಗಣಕ:
ಎಲ್ಲರಿಗೂ ಕೃತಜ್ಞತೆಗಳು. ಮಂಡಳಿಗೆ ಹೀಗೆ ಬರೆದುಕೊಡುತ್ತಿದ್ದೇನೆ: ಡಿಆರ್‌ಬಿಡಿ ಬೇಡ, ಸಾಗರದಲ್ಲಿ ಎರಡನೆಯ ಯಂತ್ರ, ಕೆಲವು ನಿಮಿಷಗಳಿಗೊಮ್ಮೆ ಸಿಂಕ್, ಹೊರಗೆ ಒಂದು ವಿಪಿಎಸ್‌ನಿಂದ ನಿಗಾ, ಹೊರಳಿಸುವುದು ಕೈಯಿಂದಲೇ, ನಾನು ಮತ್ತು ಸಾಗರದ ಲೆಕ್ಕಿಗರು ಇಬ್ಬರೂ ಕಲಿಯುವುದು. ರಾತ್ರಿಯ ಬ್ಯಾಕಪ್ ಪ್ರತ್ಯೇಕವಾಗಿ ಇರುತ್ತದೆ. ಇಂದು ಮಧ್ಯಾಹ್ನ ಕಂಬದ ಕೆಳಗೆ ನಿಂತು ನೋಡಿದೆ, ಎರಡೂ ಕೇಬಲ್ ಒಂದೇ ಸುತ್ತಿನಲ್ಲಿವೆ. ಎರಡನೆಯದನ್ನು ಹಿಂದಿನ ರಸ್ತೆಯಿಂದ ಎಳೆಸಲು ಅರ್ಜಿ ಕೊಟ್ಟಿದ್ದೇನೆ. ಟ್ರೇಸ್‌ರೂಟ್ ಕೂಡ ಹಾಕಿದೆ: ಸಾಗರಕ್ಕೆ ಹೋಗುವ ಪ್ಯಾಕೆಟ್ಟುಗಳು ಬೆಂಗಳೂರು ಸುತ್ತಿಯೇ ಬರುತ್ತವೆ.

ಕೊನೆಯದಾಗಿ ಒಂದು ಸಣ್ಣ ಪ್ರಶ್ನೆ. ಸುರಕ್ಷಿತ ಸಂಪರ್ಕಕ್ಕೆ ಬೇಕಾದ ಟಿಎಲ್‌ಎಸ್ ಪ್ರಮಾಣಪತ್ರವನ್ನು ಲೆಟ್ಸ್ ಎನ್‌ಕ್ರಿಪ್ಟ್‌ನಿಂದ ಪಡೆಯುತ್ತಿದ್ದೇವೆ. ಸಾಗರದ ಯಂತ್ರದಲ್ಲೂ ಅದನ್ನು ತಂದು ನವೀಕರಿಸುವ ಸರ್ಟ್‌ಬಾಟ್ ಓಡಿಸಿದರೆ ಸಾಕೇ?

ತುಂಗಾತೀರ:
ಡೊಮೇನ್ ನಿಮ್ಮದೇ ಎಂದು ವೆಬ್ ಮೂಲಕ ತೋರಿಸುವ ಎಚ್‌ಟಿಟಿಪಿ ವಿಧಾನದಲ್ಲಾದರೆ ಸಾಲದು. ಪರೀಕ್ಷಿಸಲು ಬರುವವರು ಡಿಎನ್‌ಎಸ್ ತೋರಿಸುವ ಯಂತ್ರಕ್ಕೆ, ಅಂದರೆ ಶಿವಮೊಗ್ಗಕ್ಕೇ ಹೋಗುತ್ತಾರೆ. ಸಾಗರದಲ್ಲಿ ನವೀಕರಣ ಸೋಲುತ್ತಲೇ ಇರುತ್ತದೆ. ಅಲ್ಲಿಯ ಲಾಗ್ ಯಾರೂ ನೋಡದ ಕಾರಣ 90 ದಿನಗಳ ಅವಧಿ ಮುಗಿದದ್ದು ಗೊತ್ತಾಗುವುದು ಹೊರಳಿಸಿದ ದಿನ, ಎಲ್ಲರ ಫೋನಿನಲ್ಲೂ ಎಚ್ಚರಿಕೆ ಬಂದಾಗ. ಡಿಎನ್‌ಎಸ್ ದಾಖಲೆಯ ಮೂಲಕ ಅದನ್ನೇ ತೋರಿಸುವ ಡಿಎನ್‌ಎಸ್ ವಿಧಾನಕ್ಕೆ ಬದಲಾಯಿಸಿಕೊಳ್ಳಿ, ಆಗ ಎರಡೂ ಕಡೆ ಸ್ವತಂತ್ರವಾಗಿ ನವೀಕರಣವಾಗುತ್ತದೆ. ನಿಗಾ ಯಂತ್ರದಲ್ಲಿ ಎರಡೂ ಪ್ರಮಾಣಪತ್ರಗಳ ಅಂತಿಮ ದಿನಾಂಕವನ್ನೂ ನೋಡುವ ಹಾಗೆ ಮಾಡಿ.

ಮಂಡಿಗಣಕ:
ಆಯಿತು, ಡಿಎನ್‌ಎಸ್ ವಿಧಾನಕ್ಕೇ ಹೋಗುತ್ತೇನೆ. ಕ್ಲೌಡ್‌ಪ್ರಿಯರೇ, ರಾಶಿ ದರವನ್ನು ಅಡಿಕೆ ವಿಭಾಗದಲ್ಲಿ ಹಾಕಿದ್ದೇನೆ.